ಅತಿಯಾಗಿ ಬೆಂದ ಸುಣ್ಣ

ನೂರು ಕೆಜಿ ಸುಣ್ಣದ ಕಲ್ಲು ಗೂಡಿಗೆ ಹಾಕಿದರೆ ಹೊರಬರುವುದು ಐವತ್ತಾರು. ಮಿಕ್ಕ ನಲವತ್ತನಾಲ್ಕು ಗಾಳಿಯಾಗಿ ಚಿಮಣಿಯಿಂದ ಹೋಗುತ್ತದೆ. ಕಲ್ಲು ಕರಗುವುದಿಲ್ಲ, ಬೂದಿಯಾಗುವುದಿಲ್ಲ, ಆಕಾರವೂ ಕೆಡುವುದಿಲ್ಲ. ಒಳಗಿದ್ದದ್ದು ಮಾತ್ರ ಹೋಗಿರುತ್ತದೆ. ಗೋಡೆಗೆ ಬಳಿಯಲು, ಸಕ್ಕರೆ ತಿಳಿ ಮಾಡಲು, ಉಕ್ಕಿನ ಕೊಳೆ ತೆಗೆಯಲು ಜನಕ್ಕೆ ಬೇಕಾಗುವುದು ಹೀಗೆ ಒಳಗೆ ಖಾಲಿಯಾದ ಕಲ್ಲೇ.

ಈ ಗೂಡಿನ ಬಾಯಲ್ಲಿ ಇಪ್ಪತ್ತಾರು ವರ್ಷ ನಿಂತ ನನಗೂ ಅದೇ ಆಯಿತು. ಮದುವೆಯಾದ ವಾರ ಲಾರಿ ತೂಗುವ ಕಾಟಾ ಹತ್ತಿದಾಗ ತೊಂಬತ್ತು ಕೆಜಿ ಇದ್ದೆ. ಹೋದ ತಿಂಗಳು ಐವತ್ತು ಚಿಲ್ಲರೆ. ಬೇಕಾದರೆ ಲೆಕ್ಕ ಹಾಕಿ ನೋಡಿ, ಸರಿಯಿದೆ. ಬೆವರು ನಿಂತು ಹನ್ನೊಂದು ವರ್ಷವಾಯಿತು. ಮನೆಯಲ್ಲಿ ಈರುಳ್ಳಿ ಹೆಚ್ಚುವ ಕೆಲಸ ನನ್ನದೇ.

ಆ ದಿನ ಬೆಳಿಗ್ಗೆ ಹೆಂಡತಿ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು.

“ನಾಲ್ಕು ಗಂಟೆ ಬಸ್ಸಿಗೆ ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ.”

“ಛತ್ರಿ ತಗೊಂಡ್ಯಾ?” ಎಂದೆ.

ಅವಳು ಮಡಚುವುದನ್ನು ನಿಲ್ಲಿಸಿದಳು. “ನೋಡಿ, ಇದೇ. ಗೋಡೆ ಜೊತೆ ಸಂಸಾರ ಮಾಡಿದ್ರೆ ಅದಾದ್ರೂ ಒಂದು ಬಿರುಕು ಬಿಡ್ತಿತ್ತು. ನಾನು ಹೋದ್ರೆ ನಿಮಗೇನಾದ್ರೂ ಅನ್ಸುತ್ತಾ, ಇಲ್ವಾ? ನಾಲ್ಕರೊಳಗೆ ಹೇಳಿ.”

ಒಳಗೆ ಹುಡುಕಿದೆ. ಏನೂ ಸಿಗಲಿಲ್ಲ. ಸುಳ್ಳು ಹೇಳುವುದು ನನಗೆ ಕಷ್ಟವಲ್ಲ, ಇವಳ ಹತ್ತಿರ ಮಾತ್ರ ಅದು ನಡೆಯುವುದಿಲ್ಲ. ಕೆಲಸಕ್ಕೆ ಹೋದೆ.

ನಮ್ಮ ಪರೀಕ್ಷಾ ಕೋಣೆಯಲ್ಲಿ ಒಬ್ಬನಿದ್ದಾನೆ, ತಕ್ಕಡಿ ಅಂತಲೇ ಕರೆಯುತ್ತೇವೆ. ಸುಣ್ಣ ಎಷ್ಟು ಬೆಂದಿದೆ ಎಂದು ಹೇಳುವುದು ಅವನ ಕೆಲಸ. ಮಧ್ಯಾಹ್ನ ಅವನಿಗೆ ವಿಷಯ ತಿಳಿಸಿದೆ.

“ಹದವಾಗಿ ಬೆಂದಿದ್ರೆ ಸುಲಭ ಕಣಯ್ಯ,” ಎಂದ. “ನೀರು ಬಿದ್ದ ತಕ್ಷಣ ಕುದಿಯುತ್ತೆ, ಉಬ್ಬಿ ಅರಳುತ್ತೆ. ಅತಿಯಾಗಿ ಬೆಂದಿದ್ರೆ ಸುಮ್ನೆ ಕೂತಿರುತ್ತೆ.”

“ಸತ್ತಂಗೆ ತಾನೆ?”

“ಸತ್ತಿಲ್ಲ. ತಡ. ಒಬ್ಬ ಮೇಸ್ತ್ರಿ ಗೊತ್ತಿಲ್ದೆ ಅದನ್ನೇ ಗಾರೆಗೆ ಹಾಕ್ಬಿಟ್ಟ. ಎಂಟು ತಿಂಗಳಾದ್ಮೇಲೆ ಗೋಡೆಯೊಳಗೆ ಅರಳಿ, ಊಟಕ್ಕೆ ಕೂತವರ ತಟ್ಟೆಗೆಲ್ಲ ಗಾರೆ ಹಾರ್ತು.”

“ನಾನು ಯಾವುದು?”

ತಕ್ಕಡಿ ಒಂದು ಬಕೆಟ್ ನೀರು ತಂದು ನನ್ನ ತಲೆಯ ಮೇಲೆ ಸುರಿದು, ಗಡಿಯಾರ ನೋಡುತ್ತ ನಿಂತ. ಲೋಡು ಮಾಡುವವರೆಲ್ಲ ಹತ್ತಡಿ ದೂರ ಸರಿದರು. ಕಾಲು ಗಂಟೆಯಾಯಿತು. ಹೊಗೆ ಬರಲಿಲ್ಲ. ಒದ್ದೆಯಾದೆ, ಅಷ್ಟೇ. ಅವರಿಗೂ ಸ್ವಲ್ಪ ಬೇಜಾರಾಯಿತು.

ಹಾಗೇ ಗೇಟು ದಾಟಿ ನಡೆದೆ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮನೆ ಬಾಗಿಲಲ್ಲಿದ್ದೆ. ಅವಳು ಚಪ್ಪಲಿ ಮೆಟ್ಟಿ, ಸೂಟ್‌ಕೇಸ್ ಕೈಗೆತ್ತಿಕೊಂಡಿದ್ದಳು.

“ಇದೇನು ಅವತಾರ?”

“ಪರೀಕ್ಷೆ ಮಾಡಿಸ್ದೆ. ಅತಿಯಾಗಿ ಬೆಂದಿದೀನಂತೆ. ಅರಳೋಕೆ ಎಂಟು ತಿಂಗಳಾಗ್ಬಹುದು.”

“ಅಂದ್ರೆ ಈಗ ಏನೂ ಅನ್ನಿಸ್ತಿಲ್ಲ.”

“ಇಲ್ಲ.”

ಅವಳು ತಲೆಯಾಡಿಸಿ ಹೊಸ್ತಿಲು ದಾಟಿದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. “ನಿಮ್ಮ ಪಾಳಿ ಆರಕ್ಕಲ್ವಾ ಮುಗಿಯೋದು? ಗೂಡಿನ ಹತ್ರ ಯಾರಿದಾರೆ?”

“ತಕ್ಕಡಿ.”

“ಅವನಿಗೆ ಬೆಂಕಿ ಬಗ್ಗೆ ಏನು ಗೊತ್ತು?”

“ಏನೂ ಇಲ್ಲ. ಅವನಿಗೆ ತೂಕ ಗೊತ್ತು.”

“ನಿಮ್ಮಪ್ಪ ಹೋದ ದಿನಾನೂ ಪಾಳಿ ಮುಗಿಸ್ಕೊಂಡೇ ಬಂದ್ರಿ.”

“ಹೌದು.”

“ಕಲ್ಲೆಲ್ಲ ಹಾಳಾಗುತ್ತೆ.”

“ಆಗ್ಲಿ.”

ಆ ಮಾತು ನನ್ನ ಬಾಯಿಂದಲೇ ಬಂತು, ಯಾಕೆ ಬಂತೋ ಗೊತ್ತಿಲ್ಲ. ಬೀದಿಯ ಕೊನೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಅವಳು ಅತ್ತ ಒಮ್ಮೆ ನೋಡಿದಳು. ವಾಪಸ್ ಬಂದು, ಬಾಗಿಲಲ್ಲೇ ಸೂಟ್‌ಕೇಸ್ ಬಿಚ್ಚಿ, ಅಡಿಯಲ್ಲಿದ್ದ ಟವೆಲ್ ಎಳೆದು ನನ್ನ ತಲೆ ಉಜ್ಜತೊಡಗಿದಳು, ಸೀದ ಪಾತ್ರೆ ಉಜ್ಜುವ ಹಾಗೆ.

“ನೋವಾಗ್ತಿದೆಯಾ?”

“ಗೊತ್ತಾಗ್ತಿಲ್ಲ.”

“ಗೊತ್ತಾಗೋವರ್ಗೂ ಉಜ್ತೀನಿ. ಕೂತ್ಕೊಳ್ಳಿ.”

ಕೂತೆ.