ಸುರೇಬಾನದ ಮನೆ ನೋಡಲು ಬಂದವರು

ಪತ್ರದಲ್ಲಿದ್ದದ್ದು ಎರಡೇ ಸಾಲು. ಬರುವ ರವಿವಾರ ಹನ್ನೊಂದು ಗಂಟೆಗೆ ಸಂಸ್ಥೆಯ ಕಡೆಯಿಂದ ಒಬ್ಬರು ನಾಜಿಮಾಳ ಮನೆಗೆ ಬಂದು ಅವಳನ್ನೂ ಮನೆಯವರನ್ನೂ ನೋಡಿ ಹೋಗುತ್ತಾರೆ. ಶಾಲೆಯ ಆಫೀಸಿನಲ್ಲಿ ಕುಳಿತು ನಾಲ್ಕು ಸಲ ಓದಿದೆ. ನಾಲ್ಕನೆಯ ಸಲವೂ ಏನೋ ಕಣ್ತಪ್ಪಿದೆ ಅನ್ನಿಸಿತು.

ಇದು 2006ರ ಮಾತು. ನಾನು ರಾಮದುರ್ಗದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ನಾಜಿಮಾ ಹತ್ತನೆಯ ತರಗತಿ, ಸುರೇಬಾನದಿಂದ ಬರುತ್ತಿದ್ದಳು. ಅವಳ ತಂದೆ ಚಮನಸಾಬ ಅದೇ ದಾರಿಯಲ್ಲಿ ಟಂಟಂ ಓಡಿಸುವವನು. ಜರ್ಮನಿಯ ಒಂದು ಮನೆಯಲ್ಲಿ ವರ್ಷವಿಡೀ ಮನೆಮಗಳಂತೆ ಇದ್ದು, ಅಲ್ಲಿಯ ಹೈಸ್ಕೂಲಿನಲ್ಲಿ ಓದಿಕೊಂಡು ಬರಲು ಆ ಸಂಸ್ಥೆ ಕೊಡುವ ಅವಕಾಶವನ್ನು ಪೇಪರಿನಲ್ಲಿ ನೋಡಿದವನು ನಾನು, ಫಾರ್ಮು ತುಂಬಿಸಿದವನೂ ನಾನೇ. ಬೆಳಗಾವಿಯಲ್ಲಿ ನಡೆದ ಪರೀಕ್ಷೆಯಲ್ಲಿ ಅವಳು ಪಾಸಾದಳು. ಉಳಿದದ್ದು ಈ ಮನೆಭೇಟಿ ಒಂದೇ. ಹೆಡ್‌ಮಾಸ್ತರರು ಸಹಿ ಹಾಕುವಾಗಲೇ ಹೇಳಿದ್ದರು: "ವೆಂಕಣ್ಣ, ಏನರ ಹೆಚ್ಚುಕಮ್ಮಿ ಆದ್ರ ನಾ ನಿನ್ನ ಹೆಸರೇ ಹೇಳಾಂವ ನೋಡಪಾ."

ಹಗಲು ಕಿರಾಣಿ ಅಂಗಡಿಯಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದವನು ನಾನು. ಹಗಲು ಓದಿದವರಿಗೆ ಗೊತ್ತಿರುವ ಏನೋ ಒಂದು ನನಗೆ ಗೊತ್ತಿಲ್ಲ ಎಂಬ ಅನುಮಾನ ಇಂದಿಗೂ ಹೋಗಿಲ್ಲ. ಹಾಗಾಗಿ ಯಾರಾದರೂ ಗಟ್ಟಿಯಾಗಿ ಹೇಳಿದರೆ ಒಪ್ಪಿಬಿಡುತ್ತೇನೆ. ಪತ್ರ ಬಂದ ಸಂಜೆಯೇ ಅದನ್ನು ತೋರಿಸಲು ಅವರ ಮನೆಗೆ ಹೋದಾಗ ಗಟ್ಟಿಯಾಗಿ ಹೇಳಿದವಳು ನಾಜಿಮಾಳ ಅಜ್ಜಿ ಶರೀಫಾಬಿ.

"ಹುಡುಗೀನ ನೋಡಾಕ ಬರತಾರ, ಮನೀನ ನೋಡಾಕ ಬರತಾರ. ಇದರಾಗ ಹೊಸಾದೇನೈತ್ರಿ ಸರ? ನಾಕು ಹೆಣ್ಣುಮಕ್ಕಳನ್ನ ತೋರಿಸಿ ಕೊಟ್ಟಾಕಿ ನಾನು. ನನಗ ಬಿಡ್ರಿ."

ನನಗೆ ಸಮಾಧಾನವಾಯಿತು. ಅನುಭವ ಇರುವವರು ಒಬ್ಬರಾದರೂ ಸಿಕ್ಕರಲ್ಲ.

ಆಮೇಲೆ ಎಲ್ಲವೂ ಅವಳು ಹೇಳಿದಂತೆಯೇ ನಡೆಯಿತು. ಪಡಸಾಲೆಗೆ ಸುಣ್ಣ ಬಿತ್ತು. ನೆರೆಮನೆಯ ರಾಚವ್ವನ ಹತ್ತಿರ ಎರಡು ಕುರ್ಚಿ, ಹೂವಿನ ಚಿತ್ರದ ಕಪ್ಪುಬಸಿ ಬಂದವು. ಕುರ್ಚಿ ಕೊಡುತ್ತ ರಾಚವ್ವ ಕೇಳಿದಳು: "ಬೀಗರು ಯಾ ಊರವರವ್ವಾ?"

"ಜರ್ಮನಿಯವರು," ಎಂದ ಚಮನಸಾಬ.

"ಅಷ್ಟು ದೂರ ಕೊಡತೀಯೇನೋ ಚಮನ್ಯಾ? ನಿಮ್ಮಕ್ಕನ್ನ ಯರಗಟ್ಟಿಗೆ ಕೊಟ್ಟಾಗ ನಿಮ್ಮವ್ವ ವರ್ಷಗಟ್ಲೆ ಅತ್ತಾಳ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಭಯವೆಲ್ಲ ನಾಜಿಮಾಳ ಬಾಯಿಯದು. ಹುಡುಗಿಯರ ಶೌಚಾಲಯಕ್ಕೆ ಚಿಲಕವಿಲ್ಲ ಎಂದು ಮೂರು ಅರ್ಜಿ ಬರೆದು, ಮೂರಕ್ಕೂ ಅರ್ಜಿ ಮುಟ್ಟಿದೆ ಎಂದು ನನ್ನಿಂದ ಪೋಚ್ ಬರೆಸಿಕೊಂಡವಳು ಅವಳು. ಹಾಜರಿ ತಪ್ಪಾಗಿದೆ ಎಂದು ನನ್ನ ಮೇಜಿನ ಮುಂದೆ ಅರ್ಧ ತಾಸು ನಿಂತು ವಾದಿಸಿದ್ದಳು. ತಪ್ಪು ನನ್ನದೇ ಆಗಿತ್ತು. ಬಂದವರ ಮುಂದೆ ಹೀಗೆ ಶುರು ಮಾಡಿದರೆ?

"ನೋಡವ್ವಾ," ಎಂದೆ ಅವಳಿಗೆ. "ಕೇಳಿದ್ದಕ್ಕ ಅಷ್ಟ ಹೇಳು. ನೆಲಾ ನೋಡಿಕೊಂತ ಕೂಡು. ಉಳಿದದ್ದು ನಾವು ಮಾತಾಡತೇವಿ."

"ಹೋಗಾಕಿ ನಾನಲ್ರೀ ಸರ?"

"ಅದಕ್ಕ ಹೇಳೂದು."

ಅವಳು ಮುಖ ಊದಿಸಿಕೊಂಡು ಒಳಗೆ ಹೋದಳು.

ರವಿವಾರ ಬಂದವರು ಶರ್ವರಿ ಮೇಡಂ. ಬೆಳಗಾವಿಯವರು, ಐವತ್ತರ ಆಸುಪಾಸು, ಹತ್ತಿಯ ಸೀರೆ, ಹೆಗಲಿಗೆ ಚೀಲ. ರಾಮದುರ್ಗದ ಬಸ್‌ಸ್ಟ್ಯಾಂಡಿನಿಂದ ಚಮನಸಾಬನ ಟಂಟಂನಲ್ಲೇ ಕರೆತಂದೆವು. ಕುರ್ಚಿಯಲ್ಲಿ ಕುಳಿತು ಫೈಲು ತೆರೆದರು. ನಾಜಿಮಾ ತಲೆ ತುಂಬ ಓಢಣಿ ಹೊದ್ದು, ಚಹಾದ ಟ್ರೇ ಹಿಡಿದು ಬಂದಳು, ಕೊಟ್ಟಳು, ಅಜ್ಜಿಯ ಪಕ್ಕ ಚಾಪೆಯ ಮೇಲೆ ಕುಳಿತು ನೆಲ ನೋಡಿದಳು. ಎಲ್ಲ ಸರಿಯಾಗಿ ನಡೆದಿದೆ ಅನ್ನಿಸಿತು.

"ನಿನಗ ಏನು ಮಾಡೂದು ಭಾಳ ಸೇರ್ತದ, ನಾಜಿಮಾ?"

"ಅಡಗಿ ಎಲ್ಲಾ ಬರತೈತ್ರಿ," ಎಂದಳು ಶರೀಫಾಬಿ. "ರೊಟ್ಟಿ ಬಡದ್ರ ಚಂದ್ರನಂಗ ಬರತಾವ."

"ಮನಿ ಬಿಟ್ಟು ಯಾವಾಗರ ಇದ್ದೀಯೇನು?"

"ಇಲ್ರಿ, ಒಂದಿನಾನೂ ಬಿಟ್ಟಿಲ್ಲ," ಎಂದ ಚಮನಸಾಬ, ಹೆಮ್ಮೆಯಿಂದ.

"ಅಲ್ಲಿಯ ಮನಿಯವರು ನಿನಗ ಸರಿ ಕಾಣದ್ದು ಏನರ ಹೇಳಿದ್ರ ಏನು ಮಾಡ್ತಿ?"

ಇದು ನನ್ನ ಪ್ರಶ್ನೆ ಎಂದುಕೊಂಡೆ. "ಎದುರು ಮಾತಾಡೂ ಹುಡುಗಿ ಅಲ್ರಿ ಮೇಡಂ. ಹೇಳಿದಂಗ ಕೇಳ್ತಾಳ."

ಶರ್ವರಿ ಮೇಡಂ ಬರೆಯುವುದನ್ನು ನಿಲ್ಲಿಸಿದರು. ಕುಳಿತಲ್ಲಿಂದ ನನಗೆ ಹಾಳೆ ಕಾಣುತ್ತಿತ್ತು. ಹೆಸರಿನ ಕೆಳಗೆ ಎರಡು ಸಾಲು, ಉಳಿದದ್ದೆಲ್ಲ ಖಾಲಿ.

"ಅರ್ಧ ತಾಸಾತು, ಈ ಹುಡುಗಿ ದನಿ ಹೆಂಗದ ಅಂತ ನನಗಿನ್ನೂ ಗೊತ್ತಿಲ್ಲ," ಎಂದರು. ಸಿಟ್ಟೇನೂ ಇರಲಿಲ್ಲ, ದಣಿವಿತ್ತು. "ಹೋದ ವರ್ಷ ನಾನ ಒಬ್ಬ ಹುಡುಗೀನ ಆರಿಸಿ ಕಳಿಸಿದೆ. ಭಾಳ ಸೌಮ್ಯ. ಆ ಮನಿಯೊಳಗ ರಾತ್ರಿ ಬರೇ ತಣ್ಣನ ಬ್ರೆಡ್ ತಿನ್ನೂ ರೂಢಿ. ಹೊಟ್ಟಿ ತುಂಬವಲ್ದು ಅಂತ ಹೇಳಾಕ ಆಕಿಗೆ ಎರಡು ತಿಂಗಳು ಬಾಯಿ ಬರಲಿಲ್ಲ. ಸೊರಗಿ ವಾಪಸ್ ಬಂದ್ಲು. ಆಕಿ ತಾಯಿ ಮಾರಿ ನೋಡೂದು ನನಗ ಆಗಲಿಲ್ಲ. ಮಾತಾಡಲಾರದವರನ್ನ ಇನ್ನ ಕಳಸಂಗಿಲ್ಲ ನಾನು."

ಫೈಲು ಮುಚ್ಚಿದರು.

ಈಗ ನಿಜ ಹೇಳಿದರೆ ಮೊದಲು ನಾನು ಸುಳ್ಳು ಹೇಳಿದೆನೆಂದು ಆಗುತ್ತದೆ, ಹುಡುಗಿಯ ಹೆಸರೂ ಕೆಡುತ್ತದೆ. ಹೇಳದಿದ್ದರೆ ಅವರು ಎದ್ದು ಹೋಗುತ್ತಾರೆ. ಅವರು ಚೀಲಕ್ಕೆ ಕೈ ಹಾಕಿದರು. ನಾನು ಎದ್ದು ನಿಂತೆ. ಯಾಕೆ ನಿಂತೆನೋ, ಶಾಲೆಯಲ್ಲಿ ನಿಲ್ಲಿಸಿದವರಂತೆ.

"ಮೇಡಂ, ತಪ್ಪು ನಂದದ. ಮಾತಾಡಬ್ಯಾಡ ಅಂತ ನಾನ ಹೇಳಿಕೊಟ್ಟೇನಿ. ನಾವು... ಕನ್ಯಾ ನೋಡಾಕ ಬಂದಂಗ ಅಂತ ತಿಳ್ಕೊಂಡ್ವಿ. ಈಕಿ ಭಾಳ ಮಾತಾಡ್ತಾಳ್ರಿ. ವಾದಾ ಮಾಡ್ತಾಳ. ನನ್ನ ತಪ್ಪು ನನಗ ತೋರ್ಸ್ಯಾಳ."

ಚಮನಸಾಬ ನನ್ನನ್ನೇ ನೋಡುತ್ತಿದ್ದ. ಎಲ್ಲ ಕೆಡಿಸಿದೆ ಎಂದುಕೊಂಡೆ.

ನಾಜಿಮಾ ತಲೆ ಎತ್ತಿದಳು. "ಸರ ಒಬ್ರ ಅಲ್ರಿ, ಮನಿ ಮಂದಿ ಎಲ್ಲಾ ಹೇಳ್ಯಾರ. ನನಗೂ ಕೇಳೂವು ಅದಾವರಿ. ಕೇಳ್ಲೇನ್ರಿ?"

"ಕೇಳು."

ಒಳಗೆ ಓಡಿ ನೋಟ್‌ಬುಕ್ ತಂದಳು. ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದಳು. "ಆ ಮನ್ಯಾಗ ಯಾರ್ಯಾರು ಇರತಾರ್ರಿ? ನನ್ನ ಖೋಲಿ ಬಾಗಲಕ್ಕ ಚಿಲಕ ಐತೇನು? ನಾ ರೋಜಾ ಹಿಡಿದ್ರ ಸಾಲ್ಯಾಗ ಬೈತಾರೇನು? ಅವರ ಕೂಡ ಹೊಂದಲಿಲ್ಲ ಅಂದ್ರ ಬ್ಯಾರೆ ಮನಿ ಕೊಡತೀರೋ, ಊರಿಗೆ ಕಳಸತೀರೋ? ತಪ್ಪು ಯಾರದು ಅಂತ ಯಾರು ನೋಡತಾರ?"

"ಬೇಟಿ, ಹುಡುಗಿ ಕಡೆಯವರು ಇಷ್ಟು ಕೇಳಬಾರದು," ಎಂದು ಶರೀಫಾಬಿ ಅವಳ ಓಢಣಿ ಜಗ್ಗಿದಳು.

"ಕೇಳ್ಲಿ ಬಿಡ್ರಿ," ಎಂದರು ಮೇಡಂ. ಫೈಲು ಮತ್ತೆ ತೆರೆದಿತ್ತು. ಅವರು ಉತ್ತರ ಹೇಳುತ್ತ, ನಡುವೆ ಬರೆಯುತ್ತ ಹೋದರು. ರೋಜಾದ ಉಪವಾಸದ ಬಗ್ಗೆ ಇಬ್ಬರೂ ಸಣ್ಣಗೆ ವಾದಕ್ಕೇ ಇಳಿದರು. ಆಟದ ತಾಸಿನಲ್ಲಿ ಓಡಬೇಕಾಗುತ್ತದೆ ಎಂದು ಅವರು. ಇಲ್ಲಿ ಬಿಸಿಲಲ್ಲಿ ಓಡಿದವಳು ಅಲ್ಲಿ ತಂಪಿನಲ್ಲಿ ಓಡಲಾರೆನೇ ಎಂದು ಇವಳು.

ಶರೀಫಾಬಿ ಒಮ್ಮೆಲೇ ಕೇಳಿದಳು: "ಅಲ್ರೀ ಬಾಯಿ, ನೀವು ನಮ್ಮ ಮನಿ ನೋಡಿದ್ರಿ. ಅವರ ಮನಿ ನೋಡಾಕ ಯಾರು ಹೋಗ್ಯಾರ? ನಮ್ಮಾಗ ಹುಡುಗಿ ಕೊಡೂಮುಂದ ಆ ಕಡೆ ಮನೀನೂ ನೋಡಿ ಬರತೇವಿ."

ಶರ್ವರಿ ಮೇಡಂ ಪೆನ್ನು ಕೆಳಗಿಟ್ಟರು. "ನನ್ನಂಥಾಕಿ ಒಬ್ಬಾಕಿ ಅಲ್ಲಿ ಹೋಗಿ ನೋಡ್ತಾಳ್ರಿ ಅವ್ವಾ."

"ನೋಡಿ ಏನು ಬರಕೊಂಡ್ಲು, ಅದನ್ನ ನಮಗ ಓದಿ ಹೇಳ್ರಿ. ಆಮ್ಯಾಲ ಮುಂದಿನ ಮಾತು."

"ಹೋದ ವರ್ಷ ನನಗಿದನ್ನ ಯಾರೂ ಕೇಳಲಿಲ್ಲ," ಎಂದರು ಅವರು, ತಮಗೇ ಹೇಳಿಕೊಂಡಂತೆ. "ತರಿಸಿ ಕಳಸ್ತೀನಿ."

ಮೂರು ವಾರದ ಮೇಲೆ ಆಯ್ಕೆಯ ಪತ್ರ ಬಂತು. ಅದರ ಜೊತೆ ಆ ಕಡೆಯ ಮನೆಯ ವರದಿಯೂ ಇತ್ತು. ಸುರೇಬಾನದ ಪಡಸಾಲೆಯಲ್ಲಿ ಕುಳಿತು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ. ಗಂಡ ಹೆಂಡತಿ, ಹದಿನಾಲ್ಕು ವರ್ಷದ ಮಗಳು, ಒಂದು ನಾಯಿ. ನಾಯಿಯ ಹತ್ತಿರ ಶರೀಫಾಬಿ ತಡೆದಳು, ಅದು ಎಲ್ಲಿ ಮಲಗುತ್ತದೆ ಎಂದು ಕೇಳಿದಳು. ವರದಿಯಲ್ಲಿ ಅದಿರಲಿಲ್ಲ. ಬರೆದು ಕೇಳುತ್ತೇನೆಂದು ನಾಜಿಮಾ ಹೇಳಿದ ಮೇಲೆ ಮುಂದಕ್ಕೆ ಓದಲು ಬಿಟ್ಟಳು.

ಚಮನಸಾಬ ಒಪ್ಪಿಗೆಯ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದ. "ಹಾಕ್ಲೇನ್ರಿ ಸರ ಸಹಿ? ನೀವು ಹೇಳಿದ್ರ ಹಾಕತೇನಿ."

ಅಲ್ಲಿ ಏನಾದರೂ ಆದರೆ ಎಂಬ ಯೋಚನೆ ವಾರದಿಂದ ನನ್ನನ್ನು ತಿನ್ನುತ್ತಿತ್ತು. ಹಾಕು ಎನ್ನಲೂ ಹೆದರಿಕೆ, ಬೇಡ ಎನ್ನಲೂ ಹೆದರಿಕೆ. "ನನ್ನ ಕೇಳಬ್ಯಾಡ್ರಿ. ಆಕೀನ್ನ ಕೇಳ್ರಿ," ಎಂದೆ.

ಎಲ್ಲರೂ ನಾಜಿಮಾಳ ಕಡೆ ನೋಡಿದರು. ಅವಳು ಕಾಗದ ನೋಡಿದಳು, ಅಪ್ಪನ ಮುಖ ನೋಡಿದಳು. ಅವಳು ಹಿಂಜರಿದದ್ದನ್ನು ನಾನು ಕಂಡದ್ದು ಅದೇ ಮೊದಲ ಸಲ.

"ನನಗ ಅಂಜಿಕಿ ಬರಾಕಹತ್ತೈತಿ ಅಬ್ಬಾ," ಎಂದಳು. "ಆದ್ರೂ ಹಾಕು."

ಚಮನಸಾಬ ಹಾಕಿದ. ಮೂರು ಪ್ರತಿಗೂ ಹಾಕಬೇಕಿತ್ತು; ಎರಡನೆಯದಕ್ಕೆ ಅವನ ಕೈ ನಿಂತಿತು. ನಾಜಿಮಾ ಹತ್ತಿರ ಹೋಗಿ, ಹಾಳೆ ಸರಿಯದಂತೆ ಅದರ ತುದಿ ಹಿಡಿದುಕೊಂಡಳು.