ಮೂರನೆಯವನ ಸರದಿ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕಿವಿ ಮೇಡಂ ಎಂದೇ ಕರೆಯುತ್ತಿದ್ದರು. ಗಾಜಿನಾಚೆಯ ಪುಟ್ಟ ಕೋಣೆಯಲ್ಲಿ ರೋಗಿಯನ್ನು ಕೂರಿಸಿ, ಹೆಡ್‌ಫೋನ್ ತೊಡಿಸಿ, ಈಚೆಯಿಂದ ಒಂದೊಂದೇ ಸದ್ದು ಕಳಿಸುವುದು ಅವಳ ಕೆಲಸ. ಕೇಳಿಸಿದಾಗ ರೋಗಿ ಬೆರಳೆತ್ತಬೇಕು. ಕೆಲವರು ಕಳಿಸದ ಸದ್ದಿಗೂ ಬೆರಳೆತ್ತುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ಎಲ್ಲಿ ತಪ್ಪಿಹೋಯಿತೋ ಎಂಬ ಭಯ. ಅಂಥವರನ್ನು ಅವಳು ಗದರಿಸುತ್ತಿರಲಿಲ್ಲ. "ಅವಸರವಿಲ್ಲ, ನಿಧಾನ" ಎಂದು ಮೊದಲಿನಿಂದ ಶುರುಮಾಡುತ್ತಿದ್ದಳು.

ಗಂಡ ತೀರಿಹೋಗಿ ವರ್ಷ ತುಂಬುವುದರೊಳಗೆ ಆ ರೋಗ ಅವಳಿಗೇ ಅಂಟಿತ್ತು.

ಅವಳ ಮನೆಯಿದ್ದ ಕಟ್ಟಡದ ಹಿಂದಿನ ಅಂಗಳದಲ್ಲಿ ದೊಡ್ಡದೊಂದು ಮರ. ಎಲೆ ಉದುರುವ ಕಾಲ ಬಂತೆಂದರೆ ನೆಲವೇ ಕಾಣುತ್ತಿರಲಿಲ್ಲ. ಕೆಲಸದಿಂದ ಬಂದವಳೇ ಅಡುಗೆಮನೆಯ ಕಿಟಕಿ ತೆರೆದು ಕೂರುತ್ತಿದ್ದಳು. ಬೆಳಕು ಇಳಿಯುತ್ತಿದ್ದ ಹಾಗೆ ಅಂಗಳದಲ್ಲಿ ನಡಿಗೆ ಕೇಳುತ್ತಿತ್ತು. ಚರಕ್, ಚರಕ್, ಆಮೇಲೊಂದು ಎಳೆತ. ಬಲಗಾಲು ಎಳೆದು ಎಲೆ ಒದೆಯುತ್ತ ನಡೆಯುವುದು ಗಂಡನ ಅಭ್ಯಾಸ. ಎದ್ದು ನೋಡಿದರೆ ಯಾರೂ ಇರುತ್ತಿರಲಿಲ್ಲ. ಕಡೆಗೆ ಏಳುವುದನ್ನೇ ಬಿಟ್ಟಳು. ಕೇಳಿದರೆ ಸಾಕಾಗಿತ್ತು.

ಎಲೆ ಇದ್ದರೆ ತಾನೇ ಸದ್ದು? ಗುಡಿಸಲು ಬಂದ ವಾಚ್‌ಮನ್‌ಗೆ ಇವತ್ತು ಬೇಡ, ನಾಳೆ ಎನ್ನುತ್ತಲೇ ಬಂದಿದ್ದಳು. ಅವನಿಗೆ ಸಾಕುಸಾಕಾಗಿತ್ತು.

"ನಾಳೆ ಬೆಳಿಗ್ಗೆ ಗುಡಿಸೇ ಗುಡಿಸ್ತೀನಿ ಮೇಡಂ. ಮೇಲಿನ ಮನೆ ಅಜ್ಜಿ ಜಾರಿ ಬಿದ್ದರೆ ಓನರ್ ನನ್ನ ಚರ್ಮ ಸುಲೀತಾರೆ. ಎಲೆ ಏನು ಚಿನ್ನವಾ, ಕಾವಲು ಕಾಯೋಕೆ?"

ಉಳಿದದ್ದು ಅದೊಂದೇ ಸಂಜೆ.

ಆ ಸಂಜೆಯೇ ನಾದಿನಿ ಬಂದಿಳಿಯಬೇಕೆ! ಬೇಕರಿಯಲ್ಲಿ ಕೇಕಿನ ಮೇಲೆ ಹೂ ಬಿಡಿಸುವವಳು. ಉಗುರಿನ ಸಂದಿಯಲ್ಲಿ ಸದಾ ಬಣ್ಣ. ಚಿನಕುರಳಿ ಎಂದು ಹೆಸರಿಟ್ಟವನು ಅವಳಣ್ಣ. ಅವನು ಹೋದಮೇಲೆ ಮನೆಯಲ್ಲಿ ಅವಳ ಬಾಯಿಗೆ ಬೀಗ ಬಿದ್ದಿದೆ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದರು. ಇಲ್ಲಿಗೆ ಬಂದು ಬ್ಯಾಗು ಇಟ್ಟು, ಕಿಟಕಿಯಿಂದ ಬಗ್ಗಿದ್ದೇ ತಡ, ಬೀಗ ಕಳಚಿತು.

"ಅತ್ತಿಗೆ! ಇಷ್ಟೊಂದು ಎಲೆ ಬಿದ್ದಿದೆ, ನೀವು ಒಳಗೆ ಮೂಲೆ ಹಿಡಿದು ಕೂತಿದ್ದೀರಲ್ಲ!"

"ಇಳೀಬೇಡ ಕಣೇ. ತುಳೀಬೇಡ."

"ಯಾಕೆ, ಎಲೆಗೆ ನೋಯುತ್ತಾ?"

ಇವಳು ಹಿಂದೆಯೇ ಓಡಿ ಬರುವಷ್ಟರಲ್ಲಿ ಚಪ್ಪಲಿ ಒಂದು ಕಡೆ, ನಾದಿನಿ ಒಂದು ಕಡೆ. ಅಂಗಾತ ಬಿದ್ದು ಕೈಕಾಲು ಬಡಿಯುತ್ತಿದ್ದಳು. ಎಲೆ ಚರಚರ ಮುರಿಯುತ್ತಿತ್ತು. "ಏಳೇ ಮೇಲೆ" ಎಂದು ಕೈ ಹಿಡಿದು ಎಳೆದಳು. ನಾದಿನಿ ತಿರುಗಿ ಎಳೆದಳು. ಇವಳು ಬಿದ್ದದ್ದು ಬೋರಲಾಗಿ.

ಬಾಯಲ್ಲೊಂದು ಎಲೆ. ಮೂಗಿನ ತುಂಬ ಒಣ ಮಣ್ಣಿನ ವಾಸನೆ. ಥೂ ಎಂದು ಉಗಿಯಲು ಹೋದಾಗ ಹೊರಬಂದದ್ದು ನಗು, ಬಿಕ್ಕಳಿಕೆಯ ಹಾಗೆ, ಹೇಳದೆ ಕೇಳದೆ.

"ನಕ್ಕಿರಿ! ನಾನು ನೋಡಿದೆ!" ಎಂದು ನಾದಿನಿ ಅವಳ ಕುತ್ತಿಗೆಯೊಳಗೆ ಒಂದು ಹಿಡಿ ಎಲೆ ತುರುಕಿದಳು. ಇವಳು ಬಿಟ್ಟಾಳೆಯೇ? ಬೊಗಸೆ ತುಂಬಿ ತಲೆಯ ಮೇಲೆ ಸುರಿದಳು. ಮೇಲಿನ ಮನೆಯ ಕಿಟಕಿ ತೆರೆಯಿತು.

"ಕತ್ತೆ ವಯಸ್ಸಾಯ್ತಲ್ರೇ, ಏನ್ರೇ ಅದು ಕೋತಿ ಆಟ?"

"ನೀವೂ ಬನ್ನಿ ಅಜ್ಜಿ!" ಎಂದಳು ಚಿನಕುರಳಿ. ಕಿಟಕಿ ಮುಚ್ಚಿಕೊಂಡಿತು.

ಏದುಸಿರು ಬಿಡುತ್ತ ಕೂತಾಗ ನಾದಿನಿ ಹೇಳಿದಳು: "ಚಿಕ್ಕವರಿದ್ದಾಗ ಅಣ್ಣ ಒಂದು ಆಟ ಕಟ್ಟಿದ್ದ. ಒಬ್ಬರು ನಡುವೆ ಕಣ್ಣು ಮುಚ್ಚಿ ನಿಲ್ಲೋದು, ಉಳಿದವರು ಎಲೆ ಮೇಲೆ ಮೆಲ್ಲಗೆ ಬರೋದು. ಸದ್ದು ಬಂದ ಕಡೆ ಬೆರಳು ತೋರಿಸಬೇಕು. ಸಿಕ್ಕಿಬಿದ್ದವರು ನಡುವೆ ನಿಲ್ಲಬೇಕು. ನೀವು ಕಿವಿ ಮೇಡಂ, ನಿಮ್ಮನ್ನ ಗೆಲ್ಲೋರುಂಟೇ? ನಿಲ್ಲಿ ನಡುವೆ."

ಅವಳು ಕಣ್ಣು ಮುಚ್ಚಿ ನಿಂತಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎಡಗಡೆ, ಗೋಡೆಯ ಹತ್ತಿರ. ಚರಕ್, ಚರಕ್, ಎಳೆತ.

ಬೆರಳು ತಾನಾಗಿ ಹೋಯಿತು. "ಸಿಕ್ಕಿಬಿದ್ದೆ!"

"ನಾನಿನ್ನೂ ಕಾಲೇ ಎತ್ತಿಲ್ಲವಲ್ಲ ಅತ್ತಿಗೆ." ದನಿ ಬಂದದ್ದು ಬಲಗಡೆಯಿಂದ.

ಅವಳು ಕಣ್ಣು ಬಿಟ್ಟಳು. "ಈಗ ನೀನು ನಿಲ್ಲು" ಎಂದಳು.

ಅವಳಿಗೆ ಈಗ ಅದು ಆಟವಾಗಿರಲಿಲ್ಲ. ಮರಕ್ಕೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು ನಿಂತಳು. ಹೆಜ್ಜೆ ಕೀಳಲಿಲ್ಲ, ಕಾಲ್ಬೆರಳನ್ನೂ ಅಲುಗಿಸಲಿಲ್ಲ. ನಾದಿನಿಯ ಮುಚ್ಚಿದ ರೆಪ್ಪೆಗಳನ್ನೇ ನೋಡುತ್ತಿದ್ದಳು. ತುಂಟ ನಗೆಯ ಆ ಮುಖ ಮೆಲ್ಲಗೆ ಗೋಡೆಯ ಕಡೆ ತಿರುಗಿತು. ಬಣ್ಣ ಮೆತ್ತಿದ ಬೆರಳು ಮೇಲೆದ್ದಿತು.

"ಸಿಕ್ಕಿಬಿದ್ದೆ ಕಳ್ಳ! ಕಾಲೆಳೀತಾ ಬಂದರೆ ಗೊತ್ತಾಗಲ್ಲ ಅಂದ್ಕೊಂಡ್ಯೇನೋ?"

ಹೇಳಿ ಮುಗಿಸಿದಮೇಲೆ ನಾದಿನಿ ಕಣ್ಣು ಬಿಟ್ಟಳು. ಬೆರಳ ತುದಿಯಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

"ಅತ್ತಿಗೆ, ನಿಮಗೂ...?"

"ದಿನಾ."

"ಹೇಳಲೇ ಇಲ್ಲವಲ್ಲ."

"ತಲೆ ಕೆಟ್ಟಿದೆ ಅಂತೀರಿ ನೀವೆಲ್ಲ ಅಂತ." ಅವಳು ಕೂದಲಿನಿಂದ ಒಂದು ಎಲೆ ಕಿತ್ತಳು. "ನಾಳೆ ಎಲೆ ಗುಡಿಸ್ತಾರೆ ಕಣೇ. ಆಮೇಲೆ ಬರಲ್ಲ ಅವನು."

ಬರದ ಸದ್ದಿಗೆ ಒಬ್ಬರು ಬೆರಳೆತ್ತುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. ಇಬ್ಬರು, ಒಂದೇ ಕಡೆಗೆ ತೋರಿಸುವುದನ್ನು ನೋಡಿರಲಿಲ್ಲ.

ನಾದಿನಿ ತೋಳಿನಿಂದ ಮೂಗು ಒರೆಸಿಕೊಂಡಳು. ಗೋಡೆಯ ಕಡೆ ಕೈ ಮಾಡಿದಳು. "ಆಟ ಅಂದಮೇಲೆ ಆಟ" ಎಂದಳು. "ಎರಡು ಸಲ ಸಿಕ್ಕಿಬಿದ್ದಿದ್ದಾನೆ. ನಡುವೆ ನಿಲ್ಲಲಿ. ಈಗ ಅವನ ಸರದಿ."

ಇಬ್ಬರೂ ನಡುವಿನ ಜಾಗ ಬಿಟ್ಟು ಹಿಂದೆ ಸರಿದರು. ಮೊದಲು ತುದಿಗಾಲಲ್ಲಿ. ಆಮೇಲೆ ನಾದಿನಿ ಕಿಸಕ್ಕೆಂದಳು, ಅಷ್ಟೇ, ಇಬ್ಬರೂ ಓಡತೊಡಗಿದರು. ಸುತ್ತ, ಸುತ್ತ, ಸುತ್ತ. "ಇಲ್ಲಿದ್ದೀನಿ, ತೋರಿಸು ನೋಡೋಣ!" ಎಂದು ಕೂಗಿದ್ದು ತಾನೇ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಕೂದಲು ಬಿಚ್ಚಿತು, ಅಂಗಾಲು ಉರಿಯಿತು. ಕಾಲಡಿಯಲ್ಲಿ ಎಲೆ ಹಪ್ಪಳದಂತೆ ಮುರಿದು ಪುಡಿಯಾಗುತ್ತಿತ್ತು. ಅದೂ ಅವಳಿಗೆ ಗೊತ್ತಿತ್ತು. ಪೊರಕೆ ನಾಳೆ ಮಾಡುವುದನ್ನು ತಾನು ಇವತ್ತೇ ಮಾಡುತ್ತಿದ್ದಳು. ಕಾಲು ಮಾತ್ರ ನಿಲ್ಲಲಿಲ್ಲ.

ಉಸಿರು ಕಟ್ಟಿದಾಗ ನಿಂತರು. ಅಂಗಳವೆಲ್ಲ ಕಂದು ಪುಡಿ. ನಡುವೆ ಮಾತ್ರ, ಇಬ್ಬರೂ ಕಾಲಿಡದ ಕಡೆ, ಒಬ್ಬ ನಿಲ್ಲುವಷ್ಟು ಜಾಗದಲ್ಲಿ ಎಲೆಗಳು ಇಡಿಯಾಗಿ ಉಳಿದಿದ್ದವು. ಕಾದರು. ಏನೂ ಕೇಳಲಿಲ್ಲ.

"ಯಾರನ್ನೂ ತೋರಿಸ್ತಿಲ್ಲ ಅವನು" ಎಂದಳು ನಾದಿನಿ, ಪಿಸುಮಾತಿನಲ್ಲಿ.

"ಹಾಗಾದರೆ ನಾನೇ ಸಿಕ್ಕೆ ಅನ್ನು." ಅವಳು ನಡುವೆ ಬಂದಳು. ಅಂಚಿನಲ್ಲಿ ಒಂದು ಗಳಿಗೆ ನಿಂತಳು. "ಸ್ವಲ್ಪ ಆಚೆ ಸರಿಯೋ" ಎಂದಳು ಮೆಲ್ಲಗೆ, ಬಸ್ಸಿನಲ್ಲಿ ಪಕ್ಕದವನಿಗೆ ಹೇಳುವಂತೆ. ಆಮೇಲೆ ಎರಡೂ ಕಾಲು ಕೂಡಿಸಿ ಒಳಗೆ ಹಾರಿದಳು. ಒಂದು ಎಲೆಯೂ ಉಳಿಯದ ಹಾಗೆ, ಕುಣಿದು ಕುಣಿದು ತುಳಿದಳು.