ಚಿಲಕದ ಹಾಡು

ಕರೆಂಟು ಹೋದದ್ದು ಆದಿಲಕ್ಷ್ಮಮ್ಮನಿಗೆ ಗೊತ್ತೇ ಆಗಲಿಲ್ಲ.

ಅವಳು ಮೂರನೇ ಮಗ್ಗದ ಹಿಂದೆ ಕುಕ್ಕರಗಾಲಲ್ಲಿ ಕೂತು, ಹಾಸಿನಲ್ಲಿ ಕಡಿದುಹೋಗಿದ್ದ ಎಳೆಗಳನ್ನು ಹುಡುಕಿ ಹುಡುಕಿ ಗಂಟು ಹಾಕುತ್ತಿದ್ದಳು. ಎರಡೂ ಕಿವಿಯಲ್ಲಿ ವೈರು. ವೈರಿನ ಇನ್ನೊಂದು ತುದಿಯಲ್ಲಿ, ರವಿಕೆಗೆ ಸಿಕ್ಕಿಸಿದ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಯಂತ್ರ. ಮಗಳು ಕೀರ್ತನ ಅದನ್ನು ಎಂಪಿತ್ರೀ ಅನ್ನುತ್ತಾಳೆ, ಇವಳು ಹಾಡಿನ ಡಬ್ಬಿ ಅನ್ನುತ್ತಾಳೆ. ಡಬ್ಬಿಯೊಳಗಿನ ಹೆಂಗಸು ಹಾಡುತ್ತಿದ್ದಳು, ಅವಳ ಜೊತೆಗೆ ಇವಳೂ ಹಾಡುತ್ತಿದ್ದಳು. ಹಾಡುತ್ತಿದ್ದಳು ಅಂದರೆ ಗುನುಗುವುದಲ್ಲ. ನಾಲ್ಕು ಪವರ್‌ಲೂಮ್ ಬಡಿಯುವ ಮನೆಯಲ್ಲಿ ತನ್ನ ದನಿ ತನಗೆ ಕೇಳಬೇಕಾದರೆ ಹೇಗೆ ಹಾಡಬೇಕೋ ಹಾಗೆ, ಗಂಟಲು ಬಿಚ್ಚಿ.

"ಚಿಲಕ ಹಾಕಿಲ್ಲ ಮಾವ, ಚಂದ್ರ ಮಲಗಿಲ್ಲ ಮಾವ..."

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಕರೆಂಟು ಹೋದರೆ ಏನಾಗುತ್ತದೆ ಅನ್ನುವುದು ಅಲ್ಲಿ ಬಾಳಿದವರಿಗೇ ಗೊತ್ತು. ಬೀದಿಯುದ್ದಕ್ಕೂ ಅಷ್ಟೂ ಮಗ್ಗಗಳು ಒಂದೇ ಏಟಿಗೆ ಬಾಯಿ ಮುಚ್ಚುತ್ತವೆ. ಗಂಡಸರು ಬೀಡಿ ಹಚ್ಚಿಕೊಂಡು ಜಗಲಿಗೆ ಬರುತ್ತಾರೆ, ಹೆಂಗಸರು ಸೊಂಟ ನೀವಿಕೊಂಡು ಬಾಗಿಲಿಗೆ ಬರುತ್ತಾರೆ. ಬೆಳಗಿನಿಂದ ಕಿರುಚಿಯೇ ಮಾತಾಡಿದ ಜನಕ್ಕೆ ದನಿ ತಗ್ಗಿಸಬೇಕು ಅನ್ನುವುದು ನೆನಪಾಗುವುದು ಸ್ವಲ್ಪ ತಡವಾಗಿ. ಅಷ್ಟರಲ್ಲಿ ಯಾರದೋ ಮನೆಯ ಗುಟ್ಟು ಬೀದಿಗೆ ಬಿದ್ದಿರುತ್ತದೆ. ಹಿಂದೊಮ್ಮೆ ಅದೇ ಬೀದಿಯ ಭೀಮರಾಜ್ ತನ್ನ ಹೆಂಡತಿಗೆ, "ನಿಮ್ಮಪ್ಪ ಹಾಕಿದ್ ಉಂಗ್ರ ಬರೀ ಹಿತ್ತಾಳೆ ಕಣೇ!" ಎಂದು ಕೂಗಿದ್ದು ಜಗಲಿಯಲ್ಲಿ ಕೂತಿದ್ದ ಮಾವನಿಗೇ ಕೇಳಿಸಿ ದೊಡ್ಡ ರಾದ್ಧಾಂತವಾಗಿತ್ತು.

ಈ ಸಲ ಬೀದಿಗೆ ಬಿದ್ದದ್ದು ಆದಿಲಕ್ಷ್ಮಮ್ಮನ ಹಾಡು.

ಅವಳ ಗಂಡ ಸೀನಪ್ಪ ಅದೇ ಹೊತ್ತಿಗೆ ಜಗಲಿಯ ಮೇಲೆ ವೆಂಕಟರಾಯಪ್ಪನವರಿಗೆ ಟೀ ಕೊಟ್ಟು ಕೈಕಟ್ಟಿ ಕೂತಿದ್ದ. ವೆಂಕಟರಾಯಪ್ಪ ಅಂದರೆ ಕುಲದಲ್ಲಿ ಹಿರಿಯರು. ದೇವಸ್ಥಾನದ ಸಮಿತಿಗೆ ಯಾರು ಬರಬೇಕು, ಯಾರು ಬರಬಾರದು ಅನ್ನುವುದು ಅವರ ಬಾಯಲ್ಲೇ ತೀರ್ಮಾನವಾಗುವುದು. ಸಮಿತಿಯಲ್ಲಿ ಒಂದು ಜಾಗ ಖಾಲಿ ಇತ್ತು. "ನಿನ್ನಂಥ ಮರ್ಯಾದಸ್ಥ ಬೇಕಪ್ಪಾ ನಮ್ಗೆ" ಎಂದು ಅವರು ಬಾಯಿ ಬಿಡುವುದಕ್ಕೂ ಮಗ್ಗಗಳು ನಿಲ್ಲುವುದಕ್ಕೂ ಸರಿಹೋಯಿತು.

"ಅತ್ತೆ ನಿದ್ದೆ ಹೋದ್ಳು ಮಾವ, ನಾಯಿ ಬೊಗಳೋದಿಲ್ಲ ಮಾವ..."

ವೆಂಕಟರಾಯಪ್ಪ ಟೀ ಲೋಟ ಕೆಳಗಿಟ್ಟರು. "ಏನ್ ಸೀನಪ್ಪ, ಟೀವೀನಾ?"

"ಊಂ ಯಜಮಾನ್ರೇ. ಟೀವಿ."

"ಕರೆಂಟ್ ಹೋಗೈತಲ್ಲಪ್ಪಾ?"

ಸೀನಪ್ಪ ಇನ್ನೇನು ಹೇಳಿದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಎದುರು ಮನೆಯ ಪಾಪಮ್ಮ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಆದಿಲಕ್ಷ್ಮಮ್ಮೋ, ಚಿಲಕ ಹಾಕ್ಕೊಳ್ಳೇ ತಾಯಿ, ಯಜಮಾನ್ರು ಬಂದವ್ರೆ!" ಎಂದು ಅವಳು ಕೂಗಿದ್ದೇ ತಡ, ಇಡೀ ಬೀದಿ ಗೊಳ್ಳೆಂದಿತು.

ಸೀನಪ್ಪ ಒಳಗೆ ಓಡಿ ಬಂದು ಹೆಂಡತಿಯ ಕಿವಿಯಿಂದ ವೈರು ಕಿತ್ತ. ಆಗ ಅವಳಿಗೆ ನಿಶ್ಶಬ್ದ ಕೇಳಿಸಿತು, ನಿಶ್ಶಬ್ದದ ಹಿಂದೆಯೇ ನಗು. ಸುಳ್ಳು ಯಾಕೆ ಹೇಳಬೇಕು, ನಾಚಿಕೆಯಿಂದ ಅವಳ ಮುಖ ಕೆಂಪಾಯಿತು. ಮಗ್ಗದ ಸಂದಿಯಲ್ಲೇ ಅಡಗಿಕೊಂಡರೆ ಸಾಕು ಅನ್ನಿಸಿತು. ಆದರೆ ಆ ನಗುವಿನ ನಡುವೆ ಯಾರೋ ಒಬ್ಬರು, "ಆದ್ರೂ ಏನ್ ದನಿ ಕಣ್ಲಾ ಆವಮ್ಮಂದು!" ಅಂದದ್ದೂ ಕೇಳಿಸಿತು. ಯಾರ ದನಿ ಎಂದು ಗುರುತಾಗಲಿಲ್ಲ.

ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅವಳು ಪಾತ್ರೆ ತೊಳೆಯುತ್ತ ಹಾಡಿಕೊಂಡಿದ್ದಕ್ಕೆ ಅತ್ತೆ, "ಹೊಸಿಲು ದಾಟಿ ಹೆಣ್ಣಿನ ದನಿ ಹೋಗಬಾರ್ದು" ಎಂದಿದ್ದರು. ಸರಿ, ಹೋಗಬಾರದು ತಾನೇ? ಮಗ್ಗದ ಮನೆಯಲ್ಲಿ ಹಾಡಿದರೆ ಪಕ್ಕದಲ್ಲಿ ನಿಂತ ಗಂಡನಿಗೂ ಕೇಳುವುದಿಲ್ಲ ಅನ್ನುವುದನ್ನು ಅವಳು ಬಲುಬೇಗ ಕಂಡುಕೊಂಡಳು. ಅಂದಿನಿಂದ ಅವಳು ಹಾಡಿದ್ದೆಲ್ಲ ಲಾಳಿಯ ಸದ್ದಿನ ಅಡಿಯಲ್ಲೇ. ಮಗಳು ಹುಟ್ಟಿದಾಗಲೂ ಹಾಡಿದ್ದಳು, ಅತ್ತೆ ಸತ್ತು ಸೂತಕ ಕಳೆದ ಮೇಲೂ ಹಾಡಿದ್ದಳು. ತುಟಿ ಆಡುವುದು ಕಂಡವರು, ಪಾಪ, ಎಳೆ ಎಣಿಸ್ತಾಳೆ ಅಂದುಕೊಂಡಿದ್ದರು.

ಡಬ್ಬಿ ಬಂದದ್ದು ಈ ಯುಗಾದಿಗೆ. ಕೀರ್ತನ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವವಳು. ಫ್ಯಾಕ್ಟರಿ ಗೇಟಿನಲ್ಲಿ ಫೋನು ಇಸಿದುಕೊಳ್ಳುತ್ತಾರೆಂದು ಇದನ್ನು ಕೊಂಡಳು. ಆಮೇಲೆ ಕೆಲಸದ ಹೊತ್ತಿನಲ್ಲಿ ಕಿವಿಗೆ ವೈರು ಹಾಕಬಾರದೆಂದೂ ಫ್ಯಾಕ್ಟರಿಯವರು ಹೇಳಿದರು. "ತಗೋಮ್ಮ, ನಿನ್ ಹಳೇ ಹಾಡೆಲ್ಲ ತುಂಬ್ಸಿದೀನಿ" ಎಂದು ಅಮ್ಮನಿಗೆ ಕೊಟ್ಟಳು. ಮೊದಲ ಸಲ ವೈರು ಕಿವಿಗಿಟ್ಟುಕೊಂಡಾಗ ಆದಿಲಕ್ಷ್ಮಮ್ಮ ಬೆಚ್ಚಿಬಿದ್ದಳು. ಅಕ್ಕಪಕ್ಕದವರ ರೇಡಿಯೋದಿಂದ, ಮದುವೆ ಮನೆಯ ಮೈಕಿನಿಂದ ಚೂರುಪಾರು ಕಿವಿಗೆ ಬಿದ್ದು ಅವಳಿಗೆ ಎಷ್ಟೋ ಹಾಡುಗಳ ಪಲ್ಲವಿ ಮಾತ್ರ ಬರುತ್ತಿತ್ತು. ಚರಣದ ಜಾಗದಲ್ಲಿ ಅವಳು ಬಾಯಿಗೆ ಬಂದದ್ದನ್ನು ಸೇರಿಸಿ ಹಾಡುತ್ತಿದ್ದಳು. ಈಗ ಚರಣವೂ ಸಿಕ್ಕಿತು, ಅದರ ಹಿಂದಿನ ಕೊಳಲೂ ಸಿಕ್ಕಿತು. ಹಾಡುವವಳು ಸಾಲು ಸಾಲಿನ ನಡುವೆ ಉಸಿರೆಳೆದುಕೊಳ್ಳುವುದು ಕೂಡ ಕೇಳಿಸಿತು. ಅಯ್ಯೋ, ಇವಳಿಗೂ ನನ್ನ ಹಾಗೆ ಉಸಿರು ಸಾಲದು ಎಂದು ಅವಳಿಗೆ ಖುಷಿಯಾಗಿತ್ತು.

ಹಾಡು ಬೀದಿಗೆ ಬಿದ್ದ ಮೇಲೆ ಸೀನಪ್ಪನಿಗೆ ಹೊರಗೆ ತಲೆಯೆತ್ತಿ ಓಡಾಡುವುದು ಕಷ್ಟವಾಯಿತು. ಅಂಗಡಿಗೆ ಹೋದರೆ ಯಾರೋ ಅದೇ ಧಾಟಿಯಲ್ಲಿ ಸಿಳ್ಳೆ ಹಾಕುತ್ತಿದ್ದರು. ಟೀ ಕುಡಿಯಲು ನಿಂತರೆ, "ಏನ್ ಗುರು, ಚಿಲಕ ರಿಪೇರಿ ಆಯ್ತಾ?" ಅನ್ನುತ್ತಿದ್ದರು. ಸೀನಪ್ಪ ಕೆಟ್ಟವನಲ್ಲ. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಹೆಂಡತಿಗೆ ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವವನೇ. ನಾಲ್ಕು ಜನ ಏನಂದಾರು ಅನ್ನುವ ರೋಗ ಮಾತ್ರ ಅವನಿಗೆ ಹುಟ್ಟಿನಿಂದ ಇತ್ತು. ಸಮಿತಿಯ ಜಾಗ ಭೀಮರಾಜ್ ಪಾಲಾಯಿತೆಂದು ಸುದ್ದಿ ಬಂದ ದಿನ ಅದು ಉಲ್ಬಣಿಸಿತು.

"ಕೊಡೇ ಇಲ್ಲಿ ಅದನ್ನ!" ಮಗ್ಗದ ಸದ್ದಿನ ಮೇಲೆ ಅವನು ಕಿರುಚಿದ. ನೇಕಾರರ ಮನೆಯ ಜಗಳ ಎಂದರೆ ಹಾಗೇ, ಅರ್ಧ ಬಾಯಲ್ಲಿ, ಅರ್ಧ ಕೈಸನ್ನೆಯಲ್ಲಿ.

"ಯಾಕ್ ಕೊಡ್ಬೇಕು?" ಅವಳೂ ಕಿರುಚಿದಳು.

"ಬೀದಿ ಜನ ನಗ್ತಾವ್ರೆ!"

"ನಗ್ಲಿ ಬಿಡಿ. ನಕ್ಕೋರ್ ಯಾರೂ ನಮ್ಮನೆ ಎಳೆ ಗಂಟ್ ಹಾಕಕ್ ಬರಲ್ಲ."

"ಹಾಡ್ಲೇಬೇಕು ಅಂದ್ರೆ ದೇವರ ನಾಮ ಹಾಡು."

"ದೇವರ ನಾಮಾನೂ ಹಾಡ್ತೀನಿ. ಇದನ್ನೂ ಹಾಡ್ತೀನಿ."

"ಭೀಮರಾಜ ಸಮಿತಿಗ್ ಹೋದ ಕಣೇ! ಮರ್ಯಾದೆ ಮೂರು ಕಾಸಿಗ್ ಹರಾಜ್ ಹಾಕ್ಬಿಟ್ಟೆ ನಂದು!"

"ಹೆಂಡ್ತಿ ಹಾಡಿದ್ರೆ ಹೋಗೋ ಮರ್ಯಾದೆ ಇದ್ದರೆಷ್ಟು, ಹೋದರೆಷ್ಟು" ಎಂದು ಅವಳು ಅಂದಳು. ಆ ಮಾತು ಮಾತ್ರ ಅವಳು ಕಿರುಚಲಿಲ್ಲ, ಆದ್ದರಿಂದ ಅವನಿಗೆ ಕೇಳಿಸಲಿಲ್ಲ.

ಮಾರನೆಯ ದಿನ ಅವಳು ಸ್ನಾನ ಮಾಡಿ ಬರುವಷ್ಟರಲ್ಲಿ ಗೂಡಿನಲ್ಲಿಟ್ಟಿದ್ದ ಡಬ್ಬಿ ಮಾಯವಾಗಿತ್ತು. ಸೀನಪ್ಪನ ಅಂಗಿಯ ಜೇಬು ಚೂರು ಉಬ್ಬಿತ್ತು, ಬಿಳಿ ವೈರಿನ ತುದಿ ಆಚೆ ಇಣುಕುತ್ತಿತ್ತು. ಅವಳು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ, ನೋಡಿಯೂ ನೋಡದವನಂತೆ ಮಗ್ಗಕ್ಕೆ ಎಣ್ಣೆ ಬಿಡುತ್ತ ನಿಂತ. ಆ ದಿನವೆಲ್ಲ ಅವಳ ಬಾಯಿಂದ ಒಂದು ಸಾಲೂ ಹೊರಡಲಿಲ್ಲ. ಮಗ್ಗದ ಸದ್ದು ಇಷ್ಟು ಕರ್ಕಶ ಎಂದು ಅವಳಿಗೆ ಗೊತ್ತಾದದ್ದೇ ಆವತ್ತು.

ಸಂಜೆ ಫ್ಯಾಕ್ಟರಿ ಬಸ್ಸಿನಿಂದ ಇಳಿದು ಬಂದ ಕೀರ್ತನ ಅಮ್ಮನ ಮುಖ ನೋಡಿಯೇ ಎಲ್ಲ ಕೇಳಿ ತಿಳಿದುಕೊಂಡಳು.

"ಬಿಡಮ್ಮ, ಆ ಹಳೇದಕ್ ಯಾಕ್ ಜಗಳ? ಸಂಬಳ ಆದ್ಮೇಲೆ ಇನ್ನೂ ಒಳ್ಳೇದು ತಂದ್ಕೊಡ್ತೀನಿ. ವೈರೇ ಇರಲ್ಲ ಅದಕ್ಕೆ. ಅಪ್ಪಂಗೆ ಗೊತ್ತೂ ಆಗಲ್ಲ."

ಆದಿಲಕ್ಷ್ಮಮ್ಮ ಮುದ್ದೆ ತೊಳಸುತ್ತಿದ್ದವಳು ಕೋಲು ನಿಲ್ಲಿಸಿದಳು. ಅಪ್ಪನಿಗೆ ಗೊತ್ತಾಗುವುದಿಲ್ಲ. ಅತ್ತೆಗೆ ಗೊತ್ತಾಗಲಿಲ್ಲ, ಬೀದಿಗೆ ಗೊತ್ತಾಗಲಿಲ್ಲ. ಒಂದು ಆಯಸ್ಸು ಅವಳು ಹಾಡಿದ್ದು ಯಾರಿಗೂ ಗೊತ್ತಾಗದ ಹಾಗೇ ತಾನೇ?

"ಬೇಡ" ಎಂದಳು. "ಕದ್ದು ಕೇಳಿದ್ದು ಸಾಕು ನಂಗೆ."

"ಮತ್ತೆ ಏನ್ ಮಾಡ್ತೀಯ?"

"ನೋಡ್ತಿರು."

ಮರುದಿನ ನೋಡುವುದಕ್ಕೆ ಕೀರ್ತನ ಇರಲಿಲ್ಲ. ಬೆಳಗಿನ ಪಾಳಿಗೆ ಹೊರಟುಹೋಗಿದ್ದಳು. ಬೀದಿಯ ಮಗ್ಗಗಳೆಲ್ಲ ಎದ್ದು ಬಡಿಯತೊಡಗಿದ್ದವು. ನೇಯ್ದ ಸೀರೆ ಕೊಳ್ಳುವ ಸೇಟು ಅದರ ಮಾರನೆಯ ದಿನವೇ ಬರುವವನಿದ್ದ, ಎರಡು ಮಗ್ಗದಲ್ಲಿ ಸೆರಗು ಇನ್ನೂ ಬಾಕಿ ಇತ್ತು. ಸೀನಪ್ಪ ಲಾಳಿಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿ ಮೊದಲನೇ ಮಗ್ಗ ಚಾಲೂ ಮಾಡಿದ, ಎರಡನೆಯದು ಚಾಲೂ ಮಾಡಿದ. ಮೂರೂ ನಾಲ್ಕೂ ಓಡತೊಡಗಿದ ಮೇಲೆ ಆದಿಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಗೋಡೆಯ ಹತ್ತಿರ ಹೋದಳು. ಮೇನ್ ಸ್ವಿಚ್ಚಿನ ಹಿಡಿ ಹಿಡಿದು ಕೆಳಗೆಳೆದಳು.

ನಾಲ್ಕೂ ಮಗ್ಗ ನಿಂತವು.

"ಥತ್, ಈ ಕರೆಂಟಿನವ್ರ ಮನೆ ಹಾಳಾಗ!" ಎಂದು ತಿರುಗಿದ ಸೀನಪ್ಪನಿಗೆ ಹಿಡಿಯ ಮೇಲಿದ್ದ ಹೆಂಡತಿಯ ಕೈ ಕಾಣಿಸಿತು. ಹೊರಗೆ ಬೀದಿ ಎಂದಿನಂತೆ ಟಕಟಕ ಬಡಿಯುತ್ತಿತ್ತು.

"ಏನೇ ಇದು? ತಲೆ ಕೆಟ್ಟೈತಾ? ನಾಳೆ ಸೇಟು ಬರ್ತಾನೆ. ಹಾಕೇ!"

"ಡಬ್ಬಿ ಕೊಡಿ."

"ಕೊಡಲ್ಲ."

"ಹಂಗಾದ್ರೆ ಮಗ್ಗ ಆಡಲ್ಲ."

ಅವನು ಎರಡು ಹೆಜ್ಜೆ ಮುಂದೆ ಬಂದ. ಅವಳು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. "ತಳ್ಳಿ ಪಕ್ಕಕ್ಕೆ. ತಳ್ಳಿ ನೋಡೋಣ" ಎಂದಳು. ಸೀನಪ್ಪ ತಳ್ಳುವ ಗಂಡಸಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಅವನು ನಿಂತಲ್ಲೇ ನಿಂತು ಮಗ್ಗಗಳನ್ನು ನೋಡಿದ, ಅರ್ಧಕ್ಕೆ ನಿಂತ ಸೆರಗು ನೋಡಿದ, ಕೊನೆಗೆ ಜೇಬಿಗೆ ಕೈ ಹಾಕಿದ.

"ತಗೋ ಮಾರಾಯ್ತಿ. ಕಿವಿಗ್ ಹಾಕ್ಕೊಂಡು ಎಷ್ಟ್ ಬೇಕಾದ್ರೂ ಕೇಳು, ಯಾರ್ ಬೇಡ ಅಂದ್ರು? ಬಾಯ್ಬಿಟ್ ಹಾಡ್ಬೇಡ, ಅಷ್ಟೇ. ಕೈ ಮುಗಿತೀನಿ."

ಅವಳು ಡಬ್ಬಿ ಇಸಿದುಕೊಂಡಳು. ವೈರನ್ನು ಬೆರಳಿಗೆ ಸುತ್ತಿ ಸುತ್ತಿ ಅಂದವಾಗಿ ಮಡಿಸಿದಳು. ಬೇಕೆಂದದ್ದು ಕೈಗೆ ಬಂದಿತ್ತು. ಈಗ ಸ್ವಿಚ್ಚು ಮೇಲೆತ್ತಿದರೆ ಆಯಿತು, ಎಲ್ಲ ಮೊದಲಿನಂತೆ. ಎಲ್ಲ ಮೊದಲಿನಂತೆ ಆಗುವುದು ಎಂದರೇನು ಎಂಬುದು ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವಳು ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿದಳು, ಸ್ವಿಚ್ಚು ಮುಟ್ಟಲಿಲ್ಲ.

"ಕೇಳಿದ್ದಾಯ್ತು" ಎಂದಳು. "ಹಾಡೋದು ಉಳಿದೈತೆ."

"ಲೇ, ಬೇಡ ಕಣೇ... ಬಾಗ್ಲಾದ್ರೂ ಹಾಕೇ!"

ಒಂದು ಪಕ್ಕ ಮಾತ್ರ ತೆರೆದಿದ್ದ ಬಾಗಿಲನ್ನು ಅವಳು ಹೋಗಿ ಎರಡೂ ಪಕ್ಕ ತೆರೆದಳು. ಬಿಸಿಲು ಮೊದಲನೇ ಮಗ್ಗದವರೆಗೂ ಬಂತು. ಬಾಗಿಲ ಹತ್ತಿರವೇ ಮಣೆ ಎಳೆದುಕೊಂಡು ಬೀದಿಗೆ ಮುಖ ಮಾಡಿ ಕೂತಳು.

ಮೊದಲ ಸಾಲು ಸರಿಯಾಗಿ ಬರಲಿಲ್ಲ. ಕಿವಿಯಲ್ಲಿ ಆ ಹೆಂಗಸು ಇರಲಿಲ್ಲ, ಕೊಳಲು ಇರಲಿಲ್ಲ, ದನಿ ಎಲ್ಲೋ ಒಡೆಯಿತು. ಅವಳು ಕೆಮ್ಮಿ ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಚಿಲಕ ಹಾಕಿಲ್ಲ ಮಾವ. ಬೀದಿಯ ಅಷ್ಟೂ ಮಗ್ಗಗಳ ಬಡಿತ ಅವಳ ಹಾಡನ್ನು ಜಗಲಿಯ ಆಚೆಗೆ ಬಿಡಲಿಲ್ಲ. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಅವಳ ಬಾಯಿ ಆಡುವುದು ಕಂಡು, ಯಾರನ್ನೋ ಬೈಯುತ್ತಿದ್ದಾಳೆಂದುಕೊಂಡು ಪಕ್ಕಕ್ಕೆ ಸರಿದು ಹೋದ. ಅವಳು ದನಿ ಏರಿಸಿದಳು. ಕತ್ತಿನ ನರ ಉಬ್ಬಿತು. ಒಳಗೆ ಸೀನಪ್ಪ ಕಂಡಿಕೆ ಹಿಡಿದುಕೊಂಡು ನಿಂತಿದ್ದ. ಮಗ್ಗದ ಮನೆಯಲ್ಲಿ ಹೆಂಡತಿಯ ಹಾಡನ್ನು ಅಷ್ಟು ಹತ್ತಿರದಿಂದ ಅವನು ನಿಂತು ಕೇಳಿದ್ದು ಅದೇ ಮೊದಲು. ತಲೆ ತಗ್ಗಿಸಿದ್ದ, ಆದರೆ ಸ್ವಿಚ್ಚಿನ ಕಡೆ ಹೋಗಲಿಲ್ಲ.

ಅವಳು ಚರಣದ ಅರ್ಧಕ್ಕೆ ಬಂದಿದ್ದಾಗ ಎದುರು ಮನೆಯ ಮಗ್ಗಗಳು ನಿಂತವು. ಒಂದು ನಿಂತಿತು, ಹಿಂದೆಯೇ ಇನ್ನೊಂದು. ಹಾಡು ಬೀದಿ ದಾಟಿತು.

ಕರೆಂಟು ನಿಜವಾಗಿಯೂ ಹೋಯಿತೇನೋ ಎಂದು ಸೀನಪ್ಪ ಬಾಗಿಲಿಗೆ ಬಂದು, ಹೆಂಡತಿಯ ತಲೆಯ ಮೇಲಿಂದ ಬಗ್ಗಿ ನೋಡಿದ. ಪಾಪಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ತನ್ನ ಜಗಲಿಯ ಮೇಲೆ ಕಾಲು ಚಾಚಿ ಕೂತಳು. ಅವಳ ಬೆನ್ನ ಹಿಂದೆ, ಮಗ್ಗದ ಮನೆಯೊಳಗೆ, ಬಲ್ಬು ಉರಿಯುತ್ತಲೇ ಇತ್ತು.